ಸಾಕು ಎನ್ನುವವರು ಯಾರು?

ನನ್ನ ಹೊಲಿಗೆಯ ಲೆಕ್ಕದ ವಹಿ ತೆರೆದರೆ ಕೊನೆಯ ಹಾಳೆಯಲ್ಲಿ ಬರೀ ಅಂಕಿಗಳು. 108, 99, 32. ಮೂವತ್ತೆರಡು ಸರಿ, ನೂರಾ ಎಂಟರ ಎದೆಯಳತೆ ಯಾರದಪ್ಪಾ ಎಂದು ಒಂದು ಕ್ಷಣ ಗಾಬರಿಯಾಯಿತು. ಕನ್ನಡಕ ಹಾಕಿಕೊಂಡು ನೋಡಿದಾಗ ಮೇಲೆ ಮಗಳ ಅಕ್ಷರ ಕಂಡಿತು: ‘ನಂದು’, ‘ಬಾಸ್ ಜಿಟಿ-1’, ‘ಝೂಮ್ ಜಿ1ಎಕ್ಸ್ ಫೋರ್’. ಅದು ರವಿಕೆಯ ಲೆಕ್ಕವಲ್ಲ, ಗಿಟಾರಿನ ಡಬ್ಬಿಯದು.

ತಿಳಿಯದವರಿಗೆ ಹೇಳುತ್ತೇನೆ. ನನಗೂ ತಿಳಿದದ್ದು ಮಗಳಿಂದಲೇ. ಎಲೆಕ್ಟ್ರಿಕ್ ಗಿಟಾರಿನ ದನಿ ಬರಿದಾಗಿ ಕೇಳಿದರೆ ಬಡಕಲು. ಸ್ಪೀಕರಿಗೆ ಹೋಗುವ ಮೊದಲು ಅದನ್ನು ಕಾಲ ಬಳಿಯ ಒಂದು ಪೆಟ್ಟಿಗೆಯಿಂದ ಹಾಯಿಸುತ್ತಾರೆ. ಒಂದು ಗುಂಡಿ ತುಳಿದರೆ ದನಿ ಒರಟಾಗುತ್ತದೆ; ಇನ್ನೊಂದು ತುಳಿದರೆ ಬಾವಿಯಲ್ಲಿ ಕೂಗಿದಂತೆ ಮರುದನಿ ಬರುತ್ತದೆ; ಮತ್ತೊಂದಕ್ಕೆ ಒಬ್ಬಳೇ ಬಾರಿಸಿದ್ದು ಇಬ್ಬರು ಬಾರಿಸಿದಂತೆ. ಒಂದೊಂದಕ್ಕೆ ಒಂದೊಂದು ಡಬ್ಬಿ ಕೊಳ್ಳುವವರೂ ಇದ್ದಾರೆ. ಎಲ್ಲ ಒಂದರಲ್ಲೇ ಇದ್ದರೆ ಅದು ನಮ್ಮ ಮಸಾಲೆ ಡಬ್ಬಿಯಿದ್ದಂತೆ. ಒಳಗಿನ ಸಣ್ಣ ಗಣಕ ದನಿಯನ್ನು ಅಂಕಿಗಳಾಗಿಸಿ, ಲೆಕ್ಕ ಹಾಕಿ, ಮತ್ತೆ ದನಿಯಾಗಿಸಿ ಹೊರಗೆ ಬಿಡುತ್ತದೆ.

ಮಗಳ ಬಳಿ ಇರುವುದು ಕಾಲೇಜಿನ ಹಿರಿಯ ಹುಡುಗಿಯೊಬ್ಬಳಿಂದ ಅಗ್ಗಕ್ಕೆ ಬಂದ ಹಳೆಯದು. ಅವಳ ಪಟ್ಟಿಯಲ್ಲಿದ್ದ ಎರಡೂ ಜಪಾನಿನ ಕಂಪನಿಗಳವು. ಬಾಸ್ 2016ರದು. ಅದರಲ್ಲಿ 108 ಬಗೆಯ ಮಾರ್ಪಾಡುಗಳಿವೆ, ನಾವು ಕೂಡಿಸಿಟ್ಟ 99 ದನಿಗಳನ್ನು ನೆನಪಿಡುತ್ತದೆ, ಬಾರಿಸಿದ್ದನ್ನು 32 ಸೆಕೆಂಡಿನವರೆಗೆ ಹಿಡಿದಿಟ್ಟು ಮರಳಿ ಮರಳಿ ಕೇಳಿಸುತ್ತದೆ. ಝೂಮ್ 2019ರದು, ಅಗ್ಗ. ಹಿಡಿದಿಡುವುದು 30 ಸೆಕೆಂಡು, ಆದರೆ ಜೊತೆಗೆ 68 ತಾಳಗಳಿವೆ. ಎರಡಕ್ಕೂ ಕಾಲಿನಿಂದ ಬಾಗಿಸುವ ಪಟ್ಟಿಯುಂಟು. ಎರಡೂ ನಾಲ್ಕು ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುತ್ತವೆ. ಈ ಕೊನೆಯ ಮಾತಿನ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು. ಧುಪದಾಳದ ಕರೆಂಟು ಅವಳಿಗೂ ಗೊತ್ತು.

“ಇದ್ದದ್ದು ಬಾರಸ್ತೈತಲ್ಲ?” ಎಂದರು ಇವರು.

ನಾನೂ ಕೇಳಿದೆ. “108ರಾಗ ನಿನಗ ಬೇಕಾಗೂದು ಎಷ್ಟವಾ?”

“ನಾಕು.”

“ಆ ನಾಕು ಇದರಾಗ ಇಲ್ಲೇನು?”

“ಅದಾವಬೇ. ಆದರ ಹಾಡಿನ ನಡುವ ಒಂದರಿಂದ ಒಂದಕ್ಕ ಹೋಗಾಕ ಬರೂದಿಲ್ಲ. ಮೆತ್ತಂದರಿಂದ ಬಿರುಸಿಗೆ ಹೋಗಬೇಕಂದ್ರ ನಡುವಿನ ಮೂರು ದಾಟಬೇಕು. ಅಷ್ಟರಾಗ ಹಾಡು ಮುಂದ ಹೋಗಿರತೈತಿ.”

ನಾನು ಸುಮ್ಮನಿರಬಹುದಿತ್ತು. ಗಂಗೂಬಾಯಿ ಹಾನಗಲ್ಲರ ಹೆಸರು ತೆಗೆದೆ. ಗಂಟಲಿನ ಶಸ್ತ್ರಕ್ರಿಯೆಯ ಮೇಲೆ ಅವರ ದನಿ ಗಡುಸಾಯಿತು. ಬೇರೆ ದನಿ ಕೊಳ್ಳಲಿಕ್ಕೆ ಅಂಗಡಿಗೆ ಹೋದರೇನು? ಅದರಲ್ಲೇ ಹಾಡಿದರು ಎಂದೆ. ಮಗಳು ತಲೆ ಎತ್ತದೆ, “ಅವರ ಹಿಂದ ಶ್ರುತಿ ಕೂಡಿಸಿದ ತಂಬೂರಿ ಇರತಿದ್ದುವು, ಮುಂದ ಮೈಕು ಇರತಿತ್ತು” ಎಂದಳು. ಇವರು ಊರಿನ ಒಡ್ಡನ್ನು ತಂದರು. ಬ್ರಿಟಿಷರ ಕಾಲದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡು ಇಂದಿಗೂ ಕಾಲುವೆಗೆ ನೀರು ತಿರುಗಿಸುತ್ತಿಲ್ಲವೇ? “ಹಂಗಾರ ಮ್ಯಾಲೆ ಹಿಡಕಲ್ ಡ್ಯಾಮ್ ಯಾಕ ಕಟ್ಟಿದರಪ್ಪಾ?” ಎಂದಳು. ಇವರು ಪತ್ರಿಕೆ ಎತ್ತಿಕೊಂಡರು. ಒಡ್ಡು ನೀರನ್ನು ತಿರುಗಿಸಬಲ್ಲದು. ಮಳೆಗಾಲದ ನೀರನ್ನು ಬೇಸಿಗೆಗೆಂದು ಕೂಡಿಡಲು ಹಿಡಕಲ್ಲೇ ಬೇಕಾಯಿತು. ಹಿಡಕಲ್ ಬಂದಿತೆಂದು ಒಡ್ಡನ್ನು ಯಾರೂ ಒಡೆಯಲೂ ಇಲ್ಲ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎರಡು ವರ್ಷದ ಹಿಂದೆ ಮಗ ಬೈಕು ಬೇಕೆಂದ. ಇದ್ದದ್ದು ಓಡುತ್ತಿತ್ತು. ಯಾರೂ ಪಟ್ಟಿ ಮಾಡಲಿಲ್ಲ, ಅವನೂ ಮಾಡಲಿಲ್ಲ. ಒಂದು ವಾರದಲ್ಲಿ ಬೈಕು ಅಂಗಳಕ್ಕೆ ಬಂತು, ನಾನೇ ಆರತಿ ಎತ್ತಿದೆ. ಮಗಳು ಕೇಳುವ ಮೊದಲೇ ತನ್ನ ಆಸೆಗೆ ಲೆಕ್ಕ ಒಪ್ಪಿಸಬೇಕೆಂದು ಯಾರಿಂದ ಕಲಿತಳು? ನಾವೇನೂ ಹೇಳಿಕೊಟ್ಟಿಲ್ಲ. ಹೇಳಿಕೊಡದೆ ಕಲಿಸುವುದೇ ಹೆಚ್ಚು.

ಇನ್ನೊಂದು ನೆನಪೂ ಬಂತು. ನನ್ನದು ಕಾಲಲ್ಲಿ ತುಳಿಯುವ ನೇರ ಹೊಲಿಗೆಯ ಮಷೀನು. ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಸೀರೆಗೆ ಪಿಕೋ ಮಾಡುವ ಮಷೀನು ಬೇಕೆಂದು ಕೇಳಿದ್ದೆ. “ಇದ್ದದ್ದು ಹೊಲೀತೈತಲ್ಲವಾ” ಎಂದರು ಅತ್ತೆ. ಕೆಟ್ಟವರಲ್ಲ, ತಮ್ಮ ಜೀವಮಾನದಲ್ಲಿ ತಮಗೂ ಅದನ್ನೇ ಹೇಳಿಕೊಂಡವರು. ನಾನು ಹೂಂ ಎಂದೆ. ಆಮೇಲೆ ವರ್ಷಗಟ್ಟಲೆ ಗಿರಾಕಿಗಳ ಸೀರೆಗಳನ್ನು ಪಿಕೋಕ್ಕೆಂದು ಗೋಕಾಕಕ್ಕೆ ಕಳಿಸಿದೆ. ಆ ದುಡ್ಡು ಇನ್ನೊಬ್ಬರದಾಯಿತು. ಜನ ನನ್ನನ್ನು ತೃಪ್ತಿಯ ಹೆಣ್ಣುಮಗಳೆಂದರು, ನನಗೂ ಹಿತವೆನಿಸಿತ್ತು. ನನ್ನ ಊಟ ಮುಗಿಸಿ ನಾನೇ ಸಾಕೆನ್ನುವುದು ಒಂದು. ಇನ್ನೊಬ್ಬರ ತಾಟು ನೋಡಿ ಸಾಕೆನ್ನುವುದು ಬೇರೆ. ಈ ಎರಡನ್ನೂ ಒಂದೇ ಗುಣವೆಂದು ಎಷ್ಟು ವರ್ಷ ನಂಬಿದ್ದೆ!

ಹಾಗೆಂದು ಮಗಳ ಆಸೆಯೆಲ್ಲ ಶುದ್ಧವೆಂದು ನಾನು ಹೇಳಲಾರೆ. ತಿಂಗಳಿಡೀ ಮೊಬೈಲಿನಲ್ಲಿ ಡಬ್ಬಿಗಳನ್ನು ನೋಡುತ್ತ ಕುಳಿತವಳು ಗಿಟಾರು ಮುಟ್ಟಿದ್ದು ಕಡಿಮೆ. ಹೋಲಿಸುವುದೇ ಒಂದು ಚಟ. ಸೀರೆಯಂಗಡಿಯಲ್ಲಿ ನಮಗೂ ಅದು ಹತ್ತುತ್ತದೆ, ಮೂವತ್ತು ಸೀರೆ ಬಿಚ್ಚಿಸಿದ ಮೇಲೆ ಮೊದಲನೆಯದು ಯಾವುದೆಂದೇ ಮರೆತಿರುತ್ತದೆ. 108ರ ಆಸೆ ಬೇರೆ, ಹಾಡಿನ ನಡುವೆ ಕಾಲಿಗೆ ಸಿಗದ ಆ ಒಂದು ಗುಂಡಿಯ ಕೊರತೆ ಬೇರೆ. ಎರಡೂ ಒಂದೇ ಪಟ್ಟಿಯಲ್ಲಿ ಬೆರೆತಿದ್ದವು. ಬೇರ್ಪಡಿಸುವುದು ನನ್ನಿಂದಾಗುವ ಕೆಲಸವಲ್ಲ.

ಬೆಳಿಗ್ಗೆ ಡಬ್ಬಿಯಲ್ಲಿಟ್ಟಿದ್ದ ಹೊಲಿಗೆಯ ದುಡ್ಡು ಕೊಟ್ಟೆ. “ಗಿಟಾರು, ಹಳೇ ಡಬ್ಬಿ ಎರಡೂ ತಗೊಂಡು ಬೆಳಗಾವಿಗೆ ಹೋಗು. ಅಂಗಡ್ಯಾಗ ಆ ನಾಕು ದನಿ ಅಷ್ಟ ಬಾರಿಸಿ ನೋಡು. ಪಟ್ಟಿ ಇಲ್ಲೇ ಇರಲಿ” ಎಂದೆ. ಇವರು, “ಅವಶ್ಯ ಐತೇನು?” ಎಂದರು. ನಾನು ಅಂಗಳದ ಬೈಕಿನ ಕಡೆ ನೋಡಿದೆ. ಇವರೇ ಅವಳನ್ನು ಘಟಪ್ರಭಾ ಸ್ಟೇಷನ್ನಿನವರೆಗೆ ಬಿಟ್ಟುಬಂದರು, ಅದೇ ಬೈಕಿನ ಮೇಲೆ.

ಸಂಜೆ ಅವಳು ಅಗ್ಗದ್ದನ್ನೇ ತಂದಳು. ಊರಲ್ಲಿ ಡ್ರಮ್ ಬಾರಿಸುವವರಿಲ್ಲ, ಆ 68 ತಾಳಗಳ ಜೊತೆ ಅಭ್ಯಾಸ ಮಾಡುತ್ತೇನೆಂದಳು. ಹಳೆಯ ಡಬ್ಬಿ ಪಕ್ಕದೋಣಿಯ ಹುಡುಗನಿಗೆ ಹೋಯಿತು. ಉಳಿದ ದುಡ್ಡು ನನ್ನ ಕೈಗಿಟ್ಟು, ವಹಿಯ ಹೊಸ ಹಾಳೆಯ ಮೇಲೆ ಗೆರೆ ಎಳೆಯತೊಡಗಿದಳು.

“ಮತ್ತ್ಯಾವ ಡಬ್ಬಿ?”

“ಡಬ್ಬಿ ಅಲ್ಲಬೇ. ಪಿಕೋ ಮಷೀನು. ಎರಡು ಥರದ್ದು ಕೇಳಿಕೊಂಡು ಬಂದೀನಿ.”

“ನನಗ್ಯಾಕವಾ ಈ ವಯಸ್ಸಿನಾಗ? ಇದ್ದದ್ದು ಹೊಲೀತೈತಲ್ಲ” ಎಂದೆ.

ಅವಳು ನಕ್ಕು, ಮೊದಲ ಗೆರೆಯ ಮೇಲೆ ‘ಅವ್ವಂದು’ ಎಂದು ಬರೆದಳು.