ಸವೆದ ಇಸವಿ

ಸವೆದುಹೋದ ನಾಣ್ಯದ ಇಸವಿಯನ್ನು ಮತ್ತೆ ಮೂಡಿಸಬಹುದೇ? ಹಳೆ ನಾಣ್ಯ ಕೂಡಿಡುವ ನನಗೆ ಇದು ಧರ್ಮದ ಪ್ರಶ್ನೆ.

ನನ್ನಲ್ಲಿ ಟಿಪ್ಪುವಿನ ಕಾಲದ ಒಂದು ತಾಮ್ರದ ಪೈಸೆ ಇದೆ. ಕಲ್ಯಾಣದುರ್ಗದ ಸೋದರಮಾವ ಕೊಟ್ಟದ್ದು. ಅವರ ಮನೆಯಲ್ಲಿ ಅದು ಲಕ್ಷ್ಮೀಪೂಜೆಯ ತಟ್ಟೆಯಲ್ಲಿರುತ್ತಿತ್ತು. ಪ್ರತಿ ಹಬ್ಬಕ್ಕೂ ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಅರಿಶಿನ ಕುಂಕುಮ ಇಡುತ್ತಿದ್ದರು. ಆನೆಯ ಬೆನ್ನು, ಸೊಂಡಿಲು ಇನ್ನೂ ತಿಳಿಯುತ್ತವೆ. ಹಿಂಬದಿಯಲ್ಲಿ ಟಂಕಸಾಲೆಯ ಹೆಸರು ತುಸು ಉಳಿದಿದೆ: ಫೈಜ್ ಹಿಸಾರ್, ಅಂದರೆ ನಮ್ಮ ಗುತ್ತಿ. ಆನೆಯ ಮೇಲಿದ್ದ ಇಸವಿ ಮಾತ್ರ ನುಣ್ಣಗಾಗಿದೆ. ಟಿಪ್ಪು 1787ರ ಸುಮಾರಿಗೆ ಮೌಲೂದಿ ಶಕೆಯನ್ನು ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅರ್ಧ ಸವೆದ ಅಂಕಿಯನ್ನು ಊಹೆಯ ಮೇಲೆ ಓದಿದರೆ ಎಡವುವುದು ಸುಲಭ.

ಆಸಿಡ್ ಹಾಕಿ ನೋಡಿ ಎಂದು ಹಿಂದೂಪುರದ ಪರಿಚಯದವರೊಬ್ಬರು ಹೇಳಿದರು. ಆ ಮಾತಿಗೆ ಆಧಾರವಿದೆ. ಅಚ್ಚು ಬಿದ್ದಾಗ ಅಂಕಿಯ ಅಡಿಯ ಲೋಹವೂ ಒತ್ತಡಕ್ಕೆ ಸಿಕ್ಕಿ ಬದಲಾಗುತ್ತದೆ. ಮೇಲ್ಮೈ ಸವೆದರೂ ಆ ಬದಲಾವಣೆ ಒಳಗೆ ಉಳಿದಿರುತ್ತದೆ. 1913ರಿಂದ 1938ರವರೆಗೆ ಅಮೆರಿಕದಲ್ಲಿ ಅಚ್ಚಾದ ಬಫಲೋ ನಿಕಲ್ ನಾಣ್ಯಗಳ ಮೇಲೆ ಫೆರಿಕ್ ಕ್ಲೋರೈಡ್‌ನ ಒಂದು ತೊಟ್ಟು ಬಿಟ್ಟರೆ ಅಳಿದ ಇಸವಿ ಕಾಣಿಸಿಕೊಳ್ಳುತ್ತದೆ. ಕರ್ಮ ಮುಗಿದರೂ ಸಂಸ್ಕಾರ ಉಳಿಯುತ್ತದೆ ಎಂದು ಹಿರಿಯರು ಹೇಳುವುದೂ ಹೀಗೆಯೇ. ಆದರೆ ತೊಟ್ಟು ಬಿದ್ದ ಜಾಗ ಒರಟಾಗಿ, ಕಲೆ ಶಾಶ್ವತವಾಗಿ ನಿಲ್ಲುತ್ತದೆ. ಇಸವಿಯನ್ನು ತಿಳಿಯಲು ಹೋಗಿ ನಾಣ್ಯದ ಮೈಯನ್ನೇ ಸುಟ್ಟಂತಾಯಿತು. ಎಷ್ಟೋ ಕೈಗಳು ದಾಟಿಬಂದ ಗುರುತು, ಅತ್ತೆಯ ಭಕ್ತಿಯ ಗುರುತು ಆ ನುಣುಪಿನಲ್ಲಿದೆ. ಅದೂ ಚರಿತ್ರೆಯೇ.

ನ್ಯಾಯದರ್ಶನ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆ ಪ್ರಮಾಣಗಳೆಂದು ಎಣಿಸುತ್ತದೆ. ಎರಡಕ್ಕೂ ಬೆಲೆಯಿದೆ. ಊಹಿಸಿದ್ದನ್ನು ಕಂಡದ್ದೆಂದು ಹೇಳಿದಾಗಲೇ ಅಸತ್ಯ ಹುಟ್ಟುವುದು. ನಮ್ಮ ಶಾಸನತಜ್ಞರು ಈ ಎಚ್ಚರವನ್ನು ಚೆನ್ನಾಗಿ ಪಾಲಿಸಿದ್ದಾರೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ಸಂಪುಟ 1939ರಲ್ಲಿ ಬಂತು. ನಮ್ಮ ಅನಂತಪುರ ಸೀಮೆಯ ಶಾಸನಗಳೂ ಅದರಲ್ಲಿವೆ. ಶಾಸನ ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಸಂದೇಹವಾದರೆ ಅದನ್ನು ಚೌಕ ಕಂಸದಲ್ಲಿ ಇಡುತ್ತಾರೆ. ಉಳಿ ಹಿಡಿದು ಕಲ್ಲಿನ ಅಕ್ಷರ ತಿದ್ದಲು ಯಾರೂ ಹೋಗುವುದಿಲ್ಲ. ತಿಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಆ ಕಂಸ ಮುಂದಿನವರಿಗೆ ಪ್ರಾಮಾಣಿಕವಾಗಿ ಹೇಳುತ್ತದೆ.

ನಾಣ್ಯಕ್ಕೂ ಇದೇ ನೀತಿ ಸಾಕು. ಓರೆ ಬೆಳಕಿನಲ್ಲಿ ಹಿಡಿದು ನೋಡಿ, ಭೂತಗನ್ನಡಿ ಬಳಸಿ, ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಕಂಡಷ್ಟನ್ನು ಲಕೋಟೆಯ ಮೇಲೆ ಬರೆಯಿರಿ. ಕಾಣದಿದ್ದರೆ ‘ಇಸವಿ ಸವೆದಿದೆ’ ಎಂದು ಬರೆಯಿರಿ. ಆಗಲೇ ಆಸಿಡ್ ಕಂಡ ನಾಣ್ಯ ನಿಮ್ಮಲ್ಲಿದ್ದರೆ, ಕೊಳ್ಳುವವರಿಗೆ ಆ ಮಾತನ್ನು ಮೊದಲು ಹೇಳಿ, ಬೆಲೆಯನ್ನು ಆಮೇಲೆ ಹೇಳಿ.