ಬೆಲೆ ತಿಳಿಯದ ಗಿರಾಕಿ

ಗಜೇಂದ್ರಗಡದ ವಾರದ ಸಂತೆಯಲ್ಲಿ ನೀವು ಕಂಬಳಿ ಮಾರಲು ಕುಳಿತಿದ್ದೀರಿ ಎಂದು ಎಣಿಸಿಕೊಳ್ಳಿ. ಬೆಳಗಿನಿಂದ ಮಳೆ ಬಿಟ್ಟಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮೋಡದಲ್ಲಿ ಮರೆಯಾಗಿವೆ. ಉಳ್ಳಾಗಡ್ಡಿ, ಒಣಮೆಣಸಿನಕಾಯಿಗಳ ಮೇಲೆ ತಾಡಪಾಲು ಎಳೆದುಕೊಂಡು ಅಕ್ಕಪಕ್ಕದವರೂ ಗಿರಾಕಿಗಳ ದಾರಿ ಕಾಯುತ್ತಿದ್ದಾರೆ. ಆಗ ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶೀಯನೊಬ್ಬನು ಸಂತೆ ನೋಡುತ್ತ ಬಂದು, ತೊಯ್ದು ತೊಪ್ಪೆಯಾಗಿ ನಿಮ್ಮ ತಾಡಪಾಲಿನ ಅಂಚಿನಲ್ಲಿ ನಿಲ್ಲುತ್ತಾನೆ. "ಒಳಗ ಬರ್ರಿ, ಮಳಿ ನಿಲ್ಲೂತನಕ ಕೂಡ್ರಿ" ಎಂದು ನೀವು ಕರೆಯುತ್ತೀರಿ. ಈ ಸೌಜನ್ಯವನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮಳೆ ತುಸು ಇಳಿಯುತ್ತದೆ. ಆತನು ಕಂಬಳಿಯೊಂದನ್ನು ಮುಟ್ಟಿ ನೋಡಿ, ಕೈಸನ್ನೆಯಿಂದ ಬೆಲೆ ಕೇಳುತ್ತಾನೆ. ಈಗ ನೀವು ಯಾವ ಬೆಲೆ ಹೇಳುವಿರಿ? ಊರಿನವರಿಗೆ ಹೇಳುವ ಬೆಲೆಯನ್ನೋ, ಅದರ ಇಮ್ಮಡಿಯನ್ನೋ?

ಇಮ್ಮಡಿ ಬೆಲೆಯನ್ನು ಸಮರ್ಥಿಸುವ ಮಾತುಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಅವನಲ್ಲಿ ಹಣವಿದೆ, ನಮ್ಮ ನೂರು ರೂಪಾಯಿ ಅವನಿಗೆ ಲೆಕ್ಕಕ್ಕಿಲ್ಲ. ನಾವೇನೂ ಬಲವಂತ ಮಾಡಲಿಲ್ಲ. ಬೇಕಾದರೆ ಚೌಕಾಶಿ ಮಾಡಲಿ. ಈ ಮಾತುಗಳಲ್ಲಿ ಸತ್ಯವೇ ಇಲ್ಲವೆಂದಲ್ಲ. ಚೌಕಾಶಿಯು ಸಂತೆಯ ಸಹಜ ಸಂಭಾಷಣೆ. ಆದರೆ ಇಬ್ಬರಿಗೂ ಬೆಲೆಯ ಅಂದಾಜು ಇದ್ದಾಗ ಮಾತ್ರ ಅದು ನ್ಯಾಯವಾದೀತು. ಊರಿನ ಶ್ರೀಮಂತನು ಬಂದರೆ ನಾವು ಇಮ್ಮಡಿ ಬೆಲೆ ಹೇಳುವುದಿಲ್ಲ. ಏಕೆಂದರೆ ಅವನಿಗೆ ಬೆಲೆ ಗೊತ್ತಿದೆ. ಹಾಗಾದರೆ ವಿದೇಶೀಯನಿಂದ ನಾವು ಪಡೆಯುವ ಹೆಚ್ಚಿನ ಹಣವು ಅವನ ಸಿರಿತನದ ಫಲವಲ್ಲ, ಅವನ ತಿಳಿಯದಿರುವಿಕೆಯ ಫಲ. ಮಳೆಗೆ ಆಸರೆ ಕೊಟ್ಟ ಕೈಯೇ ಆ ಅಸಹಾಯಕತೆಯನ್ನು ದುಡಿಸಿಕೊಳ್ಳಬಹುದೇ?

ಇಂಥ ಅಸಹಾಯಕತೆ ನಮಗೆ ಹೊಸದಲ್ಲ. ಹೆಸರುಕಾಳನ್ನೋ ಹತ್ತಿಯನ್ನೋ ಪೇಟೆಗೆ ಒಯ್ದ ರೋಣದ ರೈತನು, ದರವನ್ನು ತನಗಿಂತ ಚೆನ್ನಾಗಿ ಬಲ್ಲವರ ಮುಂದೆ ನಿಂತಾಗ ಅವನ ಎದೆಯಲ್ಲೂ ಇದೇ ಅಳುಕು ಇರುತ್ತದೆ. 1980ರ ಜುಲೈಯಲ್ಲಿ ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರದ ವಿರುದ್ಧ ಎದ್ದುನಿಂತ ನರಗುಂದದ ರೈತರು ಕೇಳಿದ್ದು ದಯೆಯನ್ನಲ್ಲ, ನ್ಯಾಯವಾದ ಲೆಕ್ಕವನ್ನು. ನಮಗಾಗಿ ಕೇಳಿದ ನ್ಯಾಯವನ್ನು ನಮ್ಮ ಮುಂದೆ ನಿಂತವನಿಗೆ ನಿರಾಕರಿಸುವುದು ತರವೇ?

ಬಂದವನಿಗೂ ಕರ್ತವ್ಯವಿದೆ. ಅವನಿಗೆ ಮಳೆಯ ಸಂತೆಯು ಊರಿಗೆ ಮರಳಿ ಹೇಳಿಕೊಳ್ಳುವ ಸವಿನೆನಪು. ವ್ಯಾಪಾರಿಗೆ ಅದು ದುಡಿಮೆಯಿಲ್ಲದೆ ಕಳೆದ ದಿನ. ಇದನ್ನು ಅರಿಯದೆ, ಸೊಪ್ಪು ಮಾರುವ ಅಜ್ಜಿಯೊಡನೆ ಐದು ರೂಪಾಯಿಗೆ ಹಟ ಹಿಡಿಯುವುದೂ ಕೇಳದೆ ಆಕೆಯ ಚಿತ್ರ ತೆಗೆಯುವುದೂ ಅನ್ಯಾಯವೇ. ಇನ್ನೊಬ್ಬರ ಬದುಕು ನಮ್ಮ ವಿನೋದದ ವಸ್ತುವಲ್ಲ.

ಪರದೇಶಿಯೊಬ್ಬನು ಬೇರೆ ರೀತಿಯಲ್ಲಿ ನಡೆದುಕೊಂಡ ನಿದರ್ಶನ ನಮ್ಮ ಕಣ್ಣೆದುರಿಗಿದೆ. ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಸೇವೆಗಾಗಿ ಕನ್ನಡ ನಾಡಿಗೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ನಿಘಂಟಿನಲ್ಲಿ ಗ್ರಂಥಗಳ ಪದಗಳಷ್ಟೇ ಅಲ್ಲ, ಜನರ ಬಾಯಿಮಾತುಗಳೂ ಗಾದೆಗಳೂ ಇವೆ. ನಮ್ಮ ಭಾಗವನ್ನು ಆಗ ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದರು. ಅನೇಕ ಪದಗಳ ಪಕ್ಕದಲ್ಲಿ ಆ ಸೀಮೆಯ ಗುರುತನ್ನು ಕಿಟ್ಟೆಲ್ ಹಾಕಿದ್ದಾರೆ. ಒಂದು ಕ್ಷಣ ಯೋಚಿಸಿರಿ. ಪದದ ಅರ್ಥ ತಿಳಿಯದವನೂ ವಸ್ತುವಿನ ಬೆಲೆ ತಿಳಿಯದವನೂ ಒಂದೇ ಸ್ಥಿತಿಯಲ್ಲಿರುತ್ತಾರೆ. ಇಬ್ಬರೂ ಎದುರಿನವರ ಪ್ರಾಮಾಣಿಕತೆಯನ್ನು ನಂಬಲೇಬೇಕು. ಹೆಸರು ಉಳಿಯದ ಎಷ್ಟೋ ಜನ ಸರಿಯಾದ ಅರ್ಥವನ್ನೇ ಹೇಳಿದ್ದರಿಂದ ಆ ನಿಘಂಟು ಇಂದಿಗೂ ನಮಗೆ ಆಧಾರವಾಗಿದೆ.

ಈಗ ಸ್ಥಾನ ಬದಲಿಸೋಣ. ನಮ್ಮ ಭಾಗದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಗೋವೆಗೆ ಹೋಗಿವೆ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಅವರೇ ಹೊರಗಿನವರು. ಕೆಲವರ ಮಕ್ಕಳು ಕೊಲ್ಲಿ ದೇಶಗಳಲ್ಲಿ, ಯೂರೋಪಿನಲ್ಲಿ ಇದ್ದಾರೆ. ಜರ್ಮನಿಯಲ್ಲಿ ದಾದಿಯಾಗಿರುವ ಮಗಳನ್ನು ನೋಡಲು ನೀವು ಹೋಗಿದ್ದೀರಿ ಎಂದುಕೊಳ್ಳಿ. ಮಗಳು ಕೆಲಸಕ್ಕೆ ಹೋದಾಗ ಒಬ್ಬರೇ ಬೀದಿಯ ಸಂತೆಗೆ ಇಳಿಯುತ್ತೀರಿ. ತುಂತುರು ಮಳೆ, ತಿಳಿಯದ ಭಾಷೆ, ಗುರುತು ಸಿಗದ ನಾಣ್ಯಗಳು. ನಾಲ್ಕು ಸೇಬು ಆರಿಸಿ, ಇದ್ದ ನಾಣ್ಯಗಳನ್ನೆಲ್ಲ ಅಂಗೈಯಲ್ಲಿ ಹರಡಿ ಚಾಚುವುದಲ್ಲದೆ ನಿಮಗೆ ಬೇರೆ ದಾರಿಯಿಲ್ಲ. ಮಾರುವಾಕೆ ತನಗೆ ಸಲ್ಲುವಷ್ಟನ್ನೇ ಎತ್ತಿಕೊಂಡು, ಉಳಿದ ನಾಣ್ಯಗಳ ಮೇಲೆ ನಿಮ್ಮ ಬೆರಳುಗಳನ್ನು ಮಡಚಿದರೆ, ಆ ದೇಶದ ಬಗ್ಗೆ ನಿಮಗೆ ಬೇರೇನು ತಿಳಿಯಬೇಕು?

ಯಾಜಕಕಾಂಡದ 19ನೇ ಅಧ್ಯಾಯವನ್ನು ತೆರೆದು ನೋಡಿರಿ. ಪರದೇಶಿಯನ್ನು ಪ್ರೀತಿಸಬೇಕೆಂಬ ಆಜ್ಞೆಯ ಬೆನ್ನಲ್ಲೇ ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲುಗಳ ಆಜ್ಞೆ ಬರುತ್ತದೆ. ಪರದೇಶಿಯ ಮೇಲಿನ ಪ್ರೀತಿಯು ಪರೀಕ್ಷೆಗೆ ಒಳಗಾಗುವುದು ತಕ್ಕಡಿಯ ಮುಂದೆಯೇ ಅಲ್ಲವೇ?

ಗಜೇಂದ್ರಗಡದ ನಿಮ್ಮ ಗಿರಾಕಿ ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದಾನೆ. ಊರಿನವರಿಗೆ ಹೇಳುವ ಬೆಲೆಯನ್ನೇ ಅವನಿಗೂ ಹೇಳಿರಿ. ನೀವು ಕಡಿಮೆ ಹೇಳಿದಿರೆಂದು ಅವನಿಗೆ ಎಂದೂ ತಿಳಿಯದಿರಬಹುದು. ದೂರದ ಯಾವುದೋ ಸಂತೆಯಲ್ಲಿ ಅಂಗೈ ಚಾಚಿ ನಿಂತಿರುವ ನಿಮ್ಮ ಮಗನಿಗೋ ಮಗಳಿಗೋ ನೀವು ಬಯಸುವುದು ಇದನ್ನೇ ಎಂಬುದು ನಿಮಗೆ ತಿಳಿದಿದೆಯಲ್ಲ, ಅಷ್ಟು ಸಾಕು.