ಕೀಲೆಣ್ಣೆ

ನಮ್ಮ ಜೀಪು ಅಪ್ಪ ಕೊಂಡದ್ದು. ಕಳಸದಿಂದ ಒಳಗಿರುವ ನಮ್ಮ ತೋಟಕ್ಕೆ ಗೊಬ್ಬರದ ಮೂಟೆ ತಂದದ್ದೂ ಅದೇ, ಬಾಣಂತಿಯನ್ನು ಮನೆಗೆ ಕರೆತಂದದ್ದೂ ಅದೇ. ಇಷ್ಟು ವರ್ಷದಲ್ಲಿ ಎಂಜಿನ್ ಬದಲಾಗಿದೆ, ಗೇರ್‌ಬಾಕ್ಸ್ ಬದಲಾಗಿದೆ, ಬಾಡಿಯನ್ನು ಎರಡು ಸಲ ಕಟ್ಟಿಸಿದ್ದೇವೆ. ಹಳೆಯದು ಅಂತ ಉಳಿದಿರುವುದು ಚಾಸಿಯೊಂದೇ. ಅದಕ್ಕೂ ಮೂರು ಕಡೆ ವೆಲ್ಡಿಂಗ್ ತೇಪೆ. ಆದರೂ ಊರಿನವರಿಗೆ ಅದು ಅಪ್ಪನ ಜೀಪೇ. ನನಗೂ. ಹಾಗಾದರೆ ಆಯುಧಪೂಜೆಯ ದಿನ ಕರ್ಪೂರ ಹಚ್ಚಿ ನಾನು ಕೈಮುಗಿಯುವುದು ಯಾವುದಕ್ಕೆ?

ಪ್ರಶ್ನೆ ಹೊಸದಲ್ಲ. ಪಾಲಿ ಭಾಷೆಯ ‘ಮಿಲಿಂದ ಪ್ರಶ್ನೆ’ಯಲ್ಲಿ ಭಿಕ್ಷು ನಾಗಸೇನ, ಕ್ರಿ.ಪೂ. 2ನೇ ಶತಮಾನದ ಗ್ರೀಕ್ ದೊರೆ ಮಿಲಿಂದನನ್ನು ಇದನ್ನೇ ಕೇಳುತ್ತಾನೆ. ನೀನು ಬಂದ ರಥ ಯಾವುದು? ಅಚ್ಚು ರಥವೇ? ಚಕ್ರವೇ? ನೊಗವೇ? ಎಲ್ಲಕ್ಕೂ ಅಲ್ಲ ಎಂದ ದೊರೆ, ಇವೆಲ್ಲ ಇರುವುದರಿಂದ ಬಂದ ಹೆಸರಷ್ಟೇ ರಥ ಎಂದು ಕೊನೆಗೆ ಒಪ್ಪುತ್ತಾನೆ. ಮನುಷ್ಯನೂ ಹಾಗೆಯೇ ಎನ್ನುತ್ತಾನೆ ನಾಗಸೇನ. ವಾದ ನನಗೂ ಒಪ್ಪಿಗೆ. ಆದರೆ ಗೋಣಿಚೀಲ ಹಾಸಿ ಜೀಪಿನ ಅಡಿ ಮಲಗಿದವನಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಕೂಡಿದ್ದನ್ನು ಕೂಡಿಯೇ ಇರುವಂತೆ ಕಾಯುವುದು ಯಾರು?

ಒಂದು ವರ್ಷ ಆಯುಧಪೂಜೆಗೆ ಜೀಪು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಟಿದ್ದೆ. ವಾರದೊಳಗೆ ಹಿಂದಿನ ಆಕ್ಸಲ್ ಕೂಗತೊಡಗಿತು. ಮೆಕ್ಯಾನಿಕ್ ಡ್ರೈನ್ ಬೋಲ್ಟ್ ಬಿಚ್ಚಿದ. ಮಂದವಾದ ಗೇರ್ ಆಯಿಲ್ ಇಳಿಯಬೇಕಾದಲ್ಲಿ ಹಾಲು ಜಾಸ್ತಿಯಾದ ಕಾಫಿಯಂಥದ್ದು ಸುರಿಯಿತು. ಆಕ್ಸಲ್ ಮೇಲಿದ್ದ ಪುಟ್ಟ ಬ್ರೀದರನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದ. ತೂತು ಕಾಣದಂತೆ ಕೆಸರು ಕಲ್ಲಾಗಿತ್ತು.

“ಗೌಡ್ರೇ, ಇದಕ್ಕೆ ಉಸಿರು ಕಟ್ಟಿತ್ತು” ಎಂದ.

ಮಳೆಗಾಲವಿಡೀ ಹಳ್ಳ ದಾಟಿದ ಗಾಡಿ. ಓಡಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆ ಕೆಟ್ಟಿತೋ, ಮೊದಲು ಬೇರಿಂಗು, ಆಮೇಲೆ ಕ್ರೌನ್ ಪಿನಿಯನ್. ನಾನು ಹಾರ ಹಾಕುವಾಗಲೇ ಒಳಗೆ ಹಲ್ಲು ಸವೆಯುತ್ತಿತ್ತು. ಆ ದಿನ ನನ್ನ ಪೂಜೆ ಸಂದದ್ದು ಬರೀ ಹೆಸರಿಗೆ. ಇವತ್ತಿಗೂ ನೆನೆದರೆ ನೋವಾಗುತ್ತದೆ.

ಅಜ್ಜನ ಎತ್ತಿನಗಾಡಿಯ ಕೆಳಗೆ ಕೀಲೆಣ್ಣೆಯ ಬಿದಿರ ಗೊಟ್ಟ ತೂಗುತ್ತಿತ್ತಂತೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಎತ್ತು ಹೂಡುವ ಮೊದಲು ಅಚ್ಚಿಗೆ ಅದನ್ನು ಹಚ್ಚಿ, ಅದೇ ಜಿಡ್ಡುಗೈಯಲ್ಲಿ ಗಾಡಿಗೆ ನಮಸ್ಕರಿಸುತ್ತಿದ್ದರಂತೆ. ಅಪ್ಪ ಭಾನುವಾರ ಬೆಳಿಗ್ಗೆ ಗ್ರೀಸ್ ಗನ್ ಹಿಡಿದು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ನಿಂದ ಹಳೆಯ ಗ್ರೀಸ್ ಹೊರಬಿದ್ದು ಹೊಸದು ಕಾಣುವವರೆಗೆ ಒತ್ತುತ್ತಿದ್ದರು. ಭಾಗಗಳೆಲ್ಲ ಬದಲಾದ ಮೇಲೂ ಇದು ಅಪ್ಪನ ಜೀಪಾಗಿ ಉಳಿದಿದ್ದರೆ, ಆ ಭಾನುವಾರಗಳನ್ನು ನಾನು ತಪ್ಪಿಸದಷ್ಟು ಮಟ್ಟಿಗೆ ಮಾತ್ರ. ಕಠೋಪನಿಷತ್ತು ದೇಹವನ್ನು ರಥವೆಂದಿತು. ಆತ್ಮ ಅದರ ರಥಿಕ, ಬುದ್ಧಿ ಸಾರಥಿ, ಮನಸ್ಸು ಲಗಾಮು. ಅಚ್ಚಿಗೆ ಎಣ್ಣೆ ಹಚ್ಚುವವನೂ ಆ ಸಾಲಿನಲ್ಲಿ ನಿಲ್ಲತಕ್ಕವನು ಎಂದೇ ನನ್ನ ನಂಬಿಕೆ.

ಈಗ ನಮ್ಮಲ್ಲಿ ಪೂಜೆ ಹಿಂದಿನ ದಿನವೇ ಶುರು. ಮಗಳು ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಗಾಳಿ ಆಡುತ್ತದೆಯೇ ಎಂದು ನೋಡುತ್ತಾಳೆ. ಆಮೇಲೆಯೇ ಹೂವು. ಈ ನವರಾತ್ರಿಯಲ್ಲಿ ನೀವೂ ಹಾರ ಹಾಕುವ ಮುನ್ನ ಒಮ್ಮೆ ಗಾಡಿಯ ಅಡಿಗೆ ಹೋಗಿ ಬನ್ನಿ.